ಅಜ್ಜಿಯೇ ಎತ್ತುವ ಫೋನು

ಸೆಪ್ಟೆಂಬರ್ 3, 2012, ಸೋಮವಾರ
ಜಲಾಶಯದ ಅಳತೆ ಕೇಂದ್ರ

ಮೇಷ್ಟ್ರಿಗೆ ನಮಸ್ಕಾರ.

ನಾನು ಅಳತೆಯಮ್ಮ. ಆರು ವರ್ಷದ ಹಿಂದೆ ನೀವು ಇಲ್ಲಿಗೆ ಕೊನೆಯ ಸಲ ಬಂದಾಗ ಎರಡು ದಿನ ಕೂರಿಸಿಕೊಂಡು ಮೋಡೆಮ್ ಪಾಠ ಹೇಳಿದ್ದಿರಿ. ಆ ಹೆಸರು ಇಟ್ಟವರೂ ನೀವೇ. ನಿಮ್ಮ ವಿಳಾಸ ಪಿಂಚಣಿ ವಿಭಾಗದಿಂದ ಸಿಕ್ಕಿತು.

ವಿಷಯ ಇಷ್ಟು. ನೀವು ‘ಅಜ್ಜಿ’ ಎಂದು ಕರೆಯುತ್ತಿದ್ದ ಕಂಪ್ಯೂಟರ್ ಈಗಲೂ ಇದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದು ತಾನಾಗಿ ಮುಖ್ಯ ಕಚೇರಿಗೆ ಕರೆ ಮಾಡಿ ನೀರಿನ ಮಟ್ಟ ಕಳಿಸಬೇಕು. ಜೂನ್ ಕೊನೆಯಿಂದ ಕೆಲವು ದಿನ ಕಳಿಸುತ್ತದೆ, ಕೆಲವು ದಿನ ಇಲ್ಲ. ಒಂದು ಸಲ ತಪ್ಪಿದರೆ ಮತ್ತೆ ಪ್ರಯತ್ನ ಮಾಡುವುದಿಲ್ಲ. ಆಮೇಲೆ ನಾನು ಕೈಯಿಂದ ಕಳಿಸುತ್ತೇನೆ.

ಇಷ್ಟೇ ಆಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ನನಗೆ ವರ್ಗಾವಣೆ ಆದೇಶ ಬಂದಿದೆ, ನನ್ನ ಯಜಮಾನರೂ ಮಗಳೂ ಇರುವ ಊರಿಗೆ. ನಾಲ್ಕು ವರ್ಷ ಕೇಳಿದ ಮೇಲೆ ಬಂದದ್ದು. ಅಕ್ಟೋಬರ್ 31ರೊಳಗೆ ಇಲ್ಲಿಂದ ರಿಲೀವ್ ಆಗದಿದ್ದರೆ ಆದೇಶ ತಾನಾಗಿ ರದ್ದು. ನನ್ನ ಜಾಗಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಕಚೇರಿಯವರು ಒಂದು ಷರತ್ತು ಹಾಕಿದ್ದಾರೆ. ಯಂತ್ರ ಸರಿಯಾಗಿದೆ ಎಂದು ನಾನು ಬರೆದುಕೊಡಬೇಕು, ಅವರು ಒಂದು ಪರೀಕ್ಷಾ ವಾರ ಗೊತ್ತು ಮಾಡುತ್ತಾರೆ. ಆ ಏಳು ದಿನ ಯಾರೂ ಅಜ್ಜಿಯನ್ನು ಮುಟ್ಟಬಾರದು, ಏಳು ಕರೆಯೂ ತಾನಾಗಿ ಹೋಗಬೇಕು. ಒಂದು ತಪ್ಪಿದರೆ ಮುಗಿಯಿತು. ಎರಡನೆಯ ಅವಕಾಶ ಇಲ್ಲ.

ಇಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಇರುವ ಒಂದು ಲೈನಿನಲ್ಲಿ ಹೊರಗೆ ಮುಖ್ಯ ಕಚೇರಿಗೆ ಮಾತ್ರ ಕರೆ ಹೋಗುತ್ತದೆ. ಹೊರಗಿನಿಂದ ಯಾರು ಕರೆದರೂ ಮೊದಲ ಗಂಟೆಗೇ ಅಜ್ಜಿ ಎತ್ತಿಬಿಡುತ್ತಾಳೆ. ಹೋದ ವರ್ಷ ನನ್ನ ಮಗಳು ಕರೆದಿದ್ದಳಂತೆ. ಮೋಡೆಮ್ಮಿನ ಕೀರಲು ಕೇಳಿ ಅತ್ತು ಫೋನ್ ಇಟ್ಟಳಂತೆ. ಆದ್ದರಿಂದ ಪತ್ರವೇ ಗತಿ.

ದೋಷ ಎಲ್ಲಿದೆ ಎಂದು ಹೇಗೆ ಹುಡುಕಲಿ, ತಿಳಿಸಿ.

ಇಂತಿ,
ಅಳತೆಯಮ್ಮ


ಸೆಪ್ಟೆಂಬರ್ 9, ಭಾನುವಾರ

ತಂಗಿ ಅಳತೆಯಮ್ಮನಿಗೆ,

ಪತ್ರ ನೋಡಿ ಎರಡು ಸಲ ಓದಿದೆ. ಮೂರನೆಯ ಸಲ ಓದುತ್ತಿದ್ದಾಗ ನನ್ನ ತಮ್ಮನ ಹೆಂಡತಿ, “ಏನು ಭಾವ, ಲವ್ ಲೆಟರಾ?” ಅಂದಳು. ಹೌದಮ್ಮ, ಹುಡುಗಿಗೆ ಹದಿಮೂರು ವರ್ಷದ ಹಳೆಯ ಮೋಡೆಮ್ ಇದೆ ಅಂದೆ. ನಗಲಿಲ್ಲ. ಈ ಮನೆಯಲ್ಲಿ ವೈರು ತಂತಿಯ ಜೋಕಿಗೆ ನಗುವವರು ಯಾರೂ ಇಲ್ಲ.

ನನ್ನ ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ. ಜೂನ್‌ನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಒಂಟಿ ಮನುಷ್ಯ. ತಮ್ಮ ಬಂದು ಇಲ್ಲಿಗೆ ಕರೆದುಕೊಂಡು ಬಂದ. ನಡು ಕೋಣೆಯಲ್ಲಿ ಹಾಕಿದ್ದಾರೆ, ಕಿಟಕಿ ಇಲ್ಲ. ಊಟ, ಮಾತ್ರೆ, ನಿದ್ದೆ ಎಲ್ಲಕ್ಕೂ ಹೊತ್ತು ಉಂಟು. ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಅಂಗಡಿಗೆ ಹೋಗುತ್ತಾನೆ, ಅವನ ಹೆಂಡತಿ ಬಟ್ಟೆ ಹರವಲು ಮಹಡಿಗೆ ಹೋಗುತ್ತಾಳೆ. ಆಗ ಗೋಡೆ ಹಿಡಿದುಕೊಂಡು ಹಾಲ್‌ವರೆಗೆ ಹೋಗುತ್ತೇನೆ. ಆ ಹದಿನೈದು ನಿಮಿಷ ಹಾಲ್ ನನ್ನದು. ಜೈಲಿನಲ್ಲೂ ಅಂಗಳಕ್ಕೆ ಬಿಡುತ್ತಾರಲ್ಲ, ಹಾಗೆ.

ಈಗ ಕೆಲಸ. ಕೈಹಾಕುವ ಮೊದಲು ಕಣ್ಣು ಹಾಕು ಎಂದು ಪಾಠ ಹೇಳಿದ್ದೆ, ನೆನಪಿದೆಯಾ? ಯಾವ ತಂತಿಯನ್ನೂ ಕೀಳಬೇಡ. ಒಂದು ವಾರ ದಿನಾ ಬರೆದಿಡು: ಕರೆ ಹೋಯಿತೇ ಇಲ್ಲವೇ, ಅಜ್ಜಿಯ ಗಡಿಯಾರದಲ್ಲಿ ಎಷ್ಟು ಗಂಟೆ, ನಿನ್ನ ಕೈಗಡಿಯಾರದಲ್ಲಿ ಎಷ್ಟು, ಮೋಡೆಮ್ಮಿನ ಯಾವ ದೀಪ ಉರಿಯುತ್ತದೆ. ಮತ್ತೆ ಅದರ ದನಿ ಹೇಗಿದೆ, ಮಾತಿನಲ್ಲಿ ಬರೆ. ದನಿಯಲ್ಲೇ ಅರ್ಧ ರೋಗ ತಿಳಿಯುತ್ತದೆ.

ಅವಸರ ಮಾಡಬೇಡ. ಅಕ್ಟೋಬರ್ 31 ದೂರ ಇದೆ.

ನಿನ್ನ,
ಮೇಷ್ಟ್ರು


ಸೆಪ್ಟೆಂಬರ್ 22, ಶನಿವಾರ

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ 14ಕ್ಕೆ ತಲುಪಿತು. ಸೋಮವಾರದಿಂದ ಬರೆದಿಟ್ಟಿದ್ದೇನೆ.

ಒಂಬತ್ತರಿಂದ ಒಂಬತ್ತೂವರೆವರೆಗೆ ನಾನು ಸಾಮಾನ್ಯವಾಗಿ ಕೆಳಗಿನ ಅಳತೆಗೋಲಿನ ಹತ್ತಿರ ಇರುತ್ತೇನೆ, ನೂರ ಹತ್ತು ಮೆಟ್ಟಿಲು. ಈ ಹೊತ್ತಿನಲ್ಲಿ ಯಂತ್ರದ ಮುಂದೆ ಕೂತದ್ದು ಇದೇ ಮೊದಲು. ಕಾವಲಿನ ದೊಡ್ಡಪ್ಪ ಕೋಣೆಯಲ್ಲೇ ಇರುತ್ತಾರೆ, ಆದರೆ ಅವರಿಗೆ ಕಿವಿ ಕೇಳಿಸುವುದಿಲ್ಲ. ಈ ವಾರ ಅವರನ್ನು ಮೆಟ್ಟಿಲಿಗೆ ಕಳಿಸಿದೆ. “ನೀನು ಕೂತು ಪೆಟ್ಟಿಗೆ ನೋಡು, ನಾನು ಇಳಿದು ನೀರು ನೋಡ್ತೀನಿ. ಸಂಬಳ ಮಾತ್ರ ಅದಲು ಬದಲು ಮಾಡೋದು ಬೇಡ ಅಂತೀಯ ಅಲ್ವಾ,” ಅಂದರು.

ಅಜ್ಜಿಯ ಗಡಿಯಾರ ಎರಡು ವರ್ಷದಿಂದ ನಿಧಾನ. ನೀವು ಗೋಡೆಗೆ ಅಂಟಿಸಿದ ಸೂಚನೆಯಂತೆ ಸೋಮವಾರ ಬೆಳಿಗ್ಗೆ ಮಾತ್ರ ಸರಿ ಮಾಡುತ್ತೇನೆ. ಆಮೇಲೆ ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಅವಳು ತನ್ನ ಒಂಬತ್ತಕ್ಕೆ ಕರೆಯುತ್ತಾಳೆ, ಆದರೆ ನನ್ನ ಕೈಗಡಿಯಾರದಲ್ಲಿ ಸೋಮವಾರ 9.00, ಮಂಗಳವಾರ 9.03, ಬುಧವಾರ 9.06, ಗುರುವಾರ 9.09. ಈ ನಾಲ್ಕೂ ದಿನ ಕರೆ ಹೋಯಿತು. ಕಚೇರಿಯವರು ಒಂಬತ್ತೂವರೆವರೆಗೆ ಒಪ್ಪಿಕೊಳ್ಳುವುದರಿಂದ ತಡವಾದದ್ದು ತಪ್ಪಲ್ಲ.

ಶುಕ್ರವಾರ ತಪ್ಪಿತು. ಇದನ್ನು ನಾನೇ ನೋಡಿದೆ. 9.10ಕ್ಕೆ ಹೊರಗಿನಿಂದ ಗಂಟೆ ಬಂತು. ಅಜ್ಜಿ ಎತ್ತಿ ಕೂಗತೊಡಗಿದಳು. ಆ ಕಡೆಯಿಂದ ಏನೂ ಉತ್ತರ ಇಲ್ಲ. ಒಂದು ನಿಮಿಷ ಕೂಗಿ ಇಟ್ಟಳು. ತಕ್ಷಣ ಮತ್ತೆ ಗಂಟೆ, ಮತ್ತೆ ಕೂಗು. ಆ ಹೊತ್ತಿಗೆ 9.12 ಆಗಿ ಅವಳು ತಾನೇ ಕರೆ ಮಾಡಬೇಕಾಗಿತ್ತು, ಲೈನ್ ಖಾಲಿ ಇರಲಿಲ್ಲ. ಇವತ್ತು ಶನಿವಾರ 9.15ಕ್ಕೆ ಸರಿಯಾಗಿ ಹೋಯಿತು.

ಯಾರೋ ತಪ್ಪಾಗಿ ಕರೆಯುತ್ತಿದ್ದಾರೆಯೇ? ಮೋಡೆಮ್ಮಿನಲ್ಲಿ ‘ಉತ್ತರ’ ಎಂದು ನೀವು ಬಿಳಿ ಬಣ್ಣದಲ್ಲಿ ಬರೆದ ದೀಪ ಉರಿಯುತ್ತಿದೆ. ಅದನ್ನು ಆರಿಸಿದರೆ ಅಜ್ಜಿ ಯಾರ ಕರೆಯನ್ನೂ ಎತ್ತುವುದಿಲ್ಲ ಎಂದು ನನ್ನ ಪಾಠದ ಪುಸ್ತಕದಲ್ಲಿದೆ. ಆರಿಸಲೇ? ಹಾಗಾದರೆ ಕೈಯಿಂದ ಎತ್ತಿ ಮಾತಾಡಲೂಬಹುದು. ನೀವೂ ಕರೆದು ಹೇಳಬಹುದು. ನನ್ನ ಮಗಳೂ ಕರೆಯಬಹುದು. ನೀವು ಹೇಳದೆ ಮುಟ್ಟುವುದಿಲ್ಲ.

ದನಿಯ ಬಗ್ಗೆ ಕೇಳಿದಿರಿ. ಮೊದಲು ಸೀಟಿ, ಆಮೇಲೆ ಬಾವಿಯ ರಾಟೆ ತಿರುಗಿದಂತೆ, ಕೊನೆಗೆ ಮರಳಿನ ಮೇಲೆ ಬಕೆಟ್ ಎಳೆದಂತೆ. ನಮ್ಮ ಕರೆಯಲ್ಲಿ ಮೂರೂ ಬರುತ್ತವೆ. ಹೊರಗಿನ ಕರೆಗೆ ಮೊದಲಿನದು ಮಾತ್ರ.

ಇಂತಿ,
ಅಳತೆಯಮ್ಮ


ಸೆಪ್ಟೆಂಬರ್ 28, ಶುಕ್ರವಾರ

ತಂಗಿ,

ನಿನ್ನ ಲೆಕ್ಕ ನೋಡಿ ಖುಷಿಯಾಯಿತು. ಇಷ್ಟು ನಿಖರವಾಗಿ ನನ್ನ ಹತ್ತಿರ ಕೆಲಸ ಮಾಡಿದ ಯಾವ ಗಂಡಸೂ ಬರೆದಿರಲಿಲ್ಲ. ಬಕೆಟ್ ಎಳೆದಂತೆ ಎಂದು ಬರೆದಿದ್ದೀಯಲ್ಲ, ಅದೇ ಸರಿ.

ರೋಗ ಸಿಕ್ಕಿತು. ಗಡಿಯಾರದ ಬ್ಯಾಟರಿ ಮುಗಿದಿದೆ. ಕಂಪ್ಯೂಟರಿನ ಒಳಗೆ, ಎಡ ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಉದ್ದದ ನೀಲಿ ಬ್ಯಾಟರಿ. ಅದನ್ನು ಬದಲಿಸು. ಆಮೇಲೆ ಅವಳು ದಿನಾ ಒಂಬತ್ತಕ್ಕೆ ಸರಿಯಾಗಿ ಕರೆಯುತ್ತಾಳೆ, ನಾಲ್ಕು ನಿಮಿಷದಲ್ಲಿ ಮುಗಿಸುತ್ತಾಳೆ. ಆಮೇಲೆ ಯಾರು ಕರೆದರೇನು ಬಿಟ್ಟರೇನು.

ಹೊರಗಿನ ಕರೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಹಳೆಯ ಎಕ್ಸ್‌ಚೇಂಜುಗಳಲ್ಲಿ ಅಂಥದ್ದೆಲ್ಲ ಇರುತ್ತದೆ, ತಾನಾಗಿ ನಿಲ್ಲುತ್ತದೆ. ‘ಉತ್ತರ’ ದೀಪ ಮಾತ್ರ ಆರಿಸಬೇಡ. ಮುಖ್ಯ ಕಚೇರಿಯವರು ಒಮ್ಮೊಮ್ಮೆ ಆ ಕಡೆಯಿಂದ ಕರೆದು ಪರೀಕ್ಷಿಸುತ್ತಾರೆ. ಅದು ಆರಿದ್ದರೆ ನಿನಗೇ ತೊಂದರೆ.

ಮಗಳಿಗೆ ಎಷ್ಟು ವಯಸ್ಸು? ಬರೆ. ನಿನ್ನ ಪತ್ರ ಬಂದ ದಿನ ಇಲ್ಲಿ ಮಧ್ಯಾಹ್ನ ಬೇಗ ಕಳೆಯುತ್ತದೆ.

ಮೇಷ್ಟ್ರು


ಅಕ್ಟೋಬರ್ 6, ಶನಿವಾರ

ಮೇಷ್ಟ್ರಿಗೆ ನಮಸ್ಕಾರ.

ನೀವು ಹೇಳಿದಂತೆಯೇ ಆಯಿತು. ಹೊರಗಿನ ಕರೆ ನಿಂತಿದೆ. ಸೆಪ್ಟೆಂಬರ್ 27ರಿಂದ ಇವತ್ತಿನವರೆಗೆ ಹತ್ತು ದಿನ, ಒಂದೂ ತಪ್ಪಿಲ್ಲ. ಎರಡು ಶುಕ್ರವಾರ ಬಂದು ಹೋದವು.

ಬ್ಯಾಟರಿಗಾಗಿ ಗುರುವಾರ ಪೇಟೆಗೆ ಹೋಗಿದ್ದೆ. ಬಸ್ಸಿನಲ್ಲಿ ಎರಡೂವರೆ ಗಂಟೆ. ಕಂಪ್ಯೂಟರ್ ಅಂಗಡಿಯವನು ನನ್ನ ಚೀಟಿ ನೋಡಿ, “ಮೇಡಂ, ಇದು ರಿಪೇರಿಗಾ, ಪ್ರದರ್ಶನಕ್ಕಾ?” ಅಂದ. ಆ ಕೆಲಸ ಮುಗಿಯಿತು. ಯಂತ್ರ ಸರಿಯಾಗಿದೆ ಎಂದು ನಿನ್ನೆಯೇ ಕಚೇರಿಗೆ ಬರೆದು ಹಾಕಿದ್ದೇನೆ. ಅರ್ಜಿಗೆ 10 ಕೊನೆಯ ತಾರೀಖು.

ಮಗಳಿಗೆ ಹತ್ತು ವರ್ಷ. ನಾನು ಇಲ್ಲಿಗೆ ಬಂದಾಗ ನಾಲ್ಕು. ಎರಡು ವರ್ಷ ನನ್ನ ಜೊತೆಗಿದ್ದಳು, ಶಾಲೆ ಇಲ್ಲವೆಂದು ಅವರಪ್ಪನ ಹತ್ತಿರ ಕಳಿಸಿದೆ. ಹೋದ ಸಲ ರಜೆಗೆ ಹೋದಾಗ ನನಗೆ ಕುರ್ಚಿ ತಂದು ಹಾಕಿ, “ಕೂತ್ಕೊಳ್ಳಿ” ಅಂದಳು. ಬಹುವಚನ.

ಇಂತಿ,
ಅಳತೆಯಮ್ಮ


ಅಕ್ಟೋಬರ್ 12, ಶುಕ್ರವಾರ

ತಂಗಿ,

ಬಹುವಚನದ ಮಾತು ಓದಿ ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ.

ಹೋಗುತ್ತೀಯಲ್ಲ, ಸರಿಹೋಗುತ್ತದೆ. ಮಕ್ಕಳು ಮರ್ಯಾದೆ ಕೊಡುವುದನ್ನು ಬೇಗ ಮರೆಯುತ್ತಾರೆ.

ಒಂದೇ ಪ್ರಶ್ನೆ. ಹೊಸ ಬ್ಯಾಟರಿ ಹಾಕಿದ ಮೇಲೆ ಗಡಿಯಾರ ಸರಿ ಇದೆಯಲ್ಲ? ವಾರದ ಕೊನೆಗೂ ಒಂಬತ್ತಕ್ಕೇ ಕರೆಯುತ್ತಾಳಾ? ಹೌದು ಅಥವಾ ಇಲ್ಲ ಎಂದು ಬರೆ. ಮನಸ್ಸಿಗೆ ಸಮಾಧಾನ.

ವೈದ್ಯರು ಬಂದಿದ್ದರು. ಮೆಟ್ಟಿಲು ಇನ್ನು ಇಳಿಯುವ ಮಾತೇ ಇಲ್ಲವಂತೆ. ನಾನು ಹನ್ನೊಂದು ಕೇಂದ್ರಗಳಲ್ಲಿ ಕಂಬ ಹತ್ತಿದವನು. ತಮ್ಮನ ಹೆಂಡತಿ, “ಹತ್ತಿದ್ದು ಸಾಕು ಭಾವ, ಮಲಗಿ” ಅಂದಳು. ಒಳ್ಳೆಯವಳೇ. ಆದರೆ ಬಾಗಿಲು ಹಾಕಿಕೊಂಡು ಹೋಗುತ್ತಾಳೆ.

ಮೇಷ್ಟ್ರು


ಅಕ್ಟೋಬರ್ 17, ಬುಧವಾರ

ಮೇಷ್ಟ್ರಿಗೆ ನಮಸ್ಕಾರ.

ಹೌದು, ಗಡಿಯಾರ ಸರಿ ಇದೆ.

ಪರೀಕ್ಷಾ ವಾರ ಗೊತ್ತಾಗಿದೆ. 22 ಸೋಮವಾರದಿಂದ 28 ಭಾನುವಾರದವರೆಗೆ. ಯಂತ್ರದ ಮೇಲೆ ಅಂಟಿಸಲು ಸಹಿ ಮಾಡಿದ ಕಾಗದದ ಪಟ್ಟಿ ಕಳಿಸಿದ್ದಾರೆ, ಸೋಮವಾರ ಬೆಳಿಗ್ಗೆ ಅಂಟಿಸಬೇಕು. ಹರಿದರೆ ಪರೀಕ್ಷೆ ರದ್ದು. ಯಜಮಾನರಿಗೆ ತಿಳಿಸಿದ್ದೇನೆ. ಮಗಳು ನನ್ನ ಬಟ್ಟೆಗೆಂದು ತನ್ನ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿದ್ದಾಳಂತೆ.

ಪಾತ್ರೆ ಕಟ್ಟಿದ್ದಾಯಿತು. ಒಂದು ಲೋಟ, ಒಂದು ತಟ್ಟೆ ಹೊರಗಿದೆ.

ಇಂತಿ,
ಅಳತೆಯಮ್ಮ


ಅಕ್ಟೋಬರ್ 29, ಸೋಮವಾರ

ಮೇಷ್ಟ್ರೇ,

ಪರೀಕ್ಷೆ ಶುಕ್ರವಾರ ಬಿದ್ದುಹೋಯಿತು.

ನಾನು ಪಕ್ಕದಲ್ಲೇ ಕೂತಿದ್ದೆ. 9.10ಕ್ಕೆ ಗಂಟೆ ಬಂತು, ಅಜ್ಜಿ ಎತ್ತಿದಳು, ಕೂಗಿದಳು, ಇಟ್ಟಳು. ಮತ್ತೆ ಗಂಟೆ. ಕಾಗದ ಅಂಟಿಸಿದ್ದು ಕಂಪ್ಯೂಟರಿಗೂ ಮೋಡೆಮ್ಮಿಗೂ. ಫೋನಿಗಲ್ಲ. ಎರಡನೆಯ ಸಲ ನಾನು ಫೋನಿನ ರಿಸೀವರ್ ಎತ್ತಿದೆ. ಸೀಟಿಯ ಹಿಂದೆ ಯಾರೋ ಉಸಿರಾಡುತ್ತಿದ್ದರು. ಅವರ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು.

“ಭಾವ, ಮತ್ತೆ ಆ ಕಿರುಚೋ ನಂಬರಿಗೇ ಮಾಡಿದ್ರಾ? ದಿನಾ ಮಾಡ್ತಿದ್ದದ್ದು ಬಿಟ್ಟಿರಿ ಅಂದ್ಕೊಂಡಿದ್ದೆ.”

ಅಷ್ಟರಲ್ಲಿ 9.12 ಆಗಿತ್ತು.

ನನ್ನದೂ ಒಂದು ತಪ್ಪು ಇದೆ. ಬ್ಯಾಟರಿ ನಾನು ಬದಲಿಸಿರಲಿಲ್ಲ. ಅಂಗಡಿಯವನ ಹತ್ತಿರ ಇರಲಿಲ್ಲ, ಈಗ ಅಂಥದ್ದು ಬರುವುದೇ ಇಲ್ಲವಂತೆ. ಅಷ್ಟು ಹೊತ್ತಿಗೆ ಕರೆಗಳು ಸರಿಯಾಗಿ ಹೋಗುತ್ತಿದ್ದವು. ಇಲ್ಲವೆಂದು ಬರೆದರೆ ನೀವು ಮತ್ತೊಂದು ಪರೀಕ್ಷೆ ಹೇಳುತ್ತೀರಿ, ನಿಮ್ಮ ಉತ್ತರ ಬರುವಷ್ಟರಲ್ಲಿ ಅರ್ಜಿಯ ತಾರೀಖು ದಾಟುತ್ತದೆ ಎಂದುಕೊಂಡೆ. ‘ಆ ಕೆಲಸ ಮುಗಿಯಿತು’ ಎಂದು ಬರೆದೆ. ನೀವು ನೇರವಾಗಿ ಕೇಳಿದಾಗ ‘ಹೌದು’ ಎಂದೆ.

ನೀವು ಯಾಕೆ ಕೇಳುತ್ತಿದ್ದಿರಿ ಎಂದು ಈಗ ಗೊತ್ತಾಯಿತು.

ನಾಡಿದ್ದು 31.

ಅಳತೆಯಮ್ಮ


ನವೆಂಬರ್ 3, ಶನಿವಾರ

ತಂಗಿ,

ನಿನ್ನ ಪತ್ರ ಬರುವ ಮೊದಲೇ ನನಗೆ ಗೊತ್ತಿತ್ತು. ಯಾರೋ ಫೋನ್ ಎತ್ತಿದ ಸದ್ದು ನನಗೆ ತಿಳಿಯದೆ ಇರುತ್ತದೆಯೇ. ನಲವತ್ತು ವರ್ಷ ಅದೇ ಕೆಲಸ.

ಮುಚ್ಚಿಡದೆ ಬರೆಯುತ್ತೇನೆ. ಈ ಮನೆಗೆ ಬಂದ ಮೊದಲ ವಾರ, ಹಾಲ್ ಖಾಲಿ ಇದ್ದಾಗ, ನನಗೆ ಬಾಯಿಪಾಠ ಇದ್ದ ಹನ್ನೊಂದು ಕೇಂದ್ರಗಳ ನಂಬರನ್ನೂ ಒಂದೊಂದಾಗಿ ಒತ್ತಿದೆ. ಯಾಕೆ ಎಂದು ಕೇಳಬೇಡ. ಹತ್ತು ನಂಬರು ಬಳಕೆಯಲ್ಲಿಲ್ಲ ಎಂದು ಒಬ್ಬಳು ಹೆಂಗಸು ಹತ್ತು ಸಲ ಹೇಳಿದಳು. ಹನ್ನೊಂದನೆಯದು ನಿನ್ನದು. ಅಜ್ಜಿ ಎತ್ತಿದಳು. ನಾನು ಜೋಡಿಸಿದ್ದರಲ್ಲಿ ಇನ್ನೂ ಉತ್ತರ ಕೊಡುವುದು ಅದೊಂದೇ. ಅವತ್ತಿನಿಂದ ದಿನಾ ಒಂಬತ್ತು ಹತ್ತಕ್ಕೆ ಕರೆದೆ. ನಿನ್ನ ಅಜ್ಜಿಯ ಕೆಲಸ ಒಂಬತ್ತು ನಾಲ್ಕಕ್ಕೆ ಮುಗಿದಿರುತ್ತದೆ ಎಂಬ ಲೆಕ್ಕದಲ್ಲಿ. ಗಡಿಯಾರ ಹಿಂದೆ ಬೀಳುತ್ತಿರುವುದು ನನಗೆ ಗೊತ್ತಿರಲಿಲ್ಲ. ಕೆಲವು ದಿನ ಲೈನ್ ಬ್ಯುಸಿ ಬರುತ್ತಿತ್ತು, ನೀನು ಯಾರ ಜೊತೆಗೋ ಮಾತಾಡುತ್ತಿದ್ದೀಯ ಎಂದುಕೊಳ್ಳುತ್ತಿದ್ದೆ.

ನಿನ್ನ ಎರಡನೆಯ ಪತ್ರ ಓದಿದಾಗ ಲೆಕ್ಕ ತಿಳಿಯಿತು. ಅವತ್ತೇ ನಿಲ್ಲಿಸಿದೆ. ‘ನಾನೇ’ ಎಂದು ಒಂದು ಸಾಲು ಬರೆಯಬೇಕಾಗಿತ್ತು. ‘ಉತ್ತರ’ ದೀಪ ಆರಿಸು ಎಂದು ಇನ್ನೊಂದು ಸಾಲು. ಎರಡನ್ನೂ ಬರೆಯಲಿಲ್ಲ. ಮುಖ್ಯ ಕಚೇರಿಯವರು ಕರೆದು ಪರೀಕ್ಷಿಸುತ್ತಾರೆ ಎಂದದ್ದು ಸುಳ್ಳು. ಹತ್ತು ವರ್ಷದಿಂದ ಅವರು ಯಾರಿಗೂ ಕರೆ ಮಾಡಿಲ್ಲ. ದೀಪ ಆರಿಸಿದರೆ ನನಗೆ ಆ ಹನ್ನೊಂದನೆಯದೂ ಹೋಗುತ್ತಿತ್ತು. ನಿನ್ನ ಮಗಳು ಕರೆಯಬಹುದು ಎಂದು ನೀನು ಬರೆದದ್ದನ್ನು ಓದಿಯೂ ಹಾಗೆ ಬರೆದೆ.

ಪರೀಕ್ಷಾ ವಾರದಲ್ಲಿ ನಾಲ್ಕು ದಿನ ತಡೆದೆ. ಶುಕ್ರವಾರ, ಹೊಸ ಬ್ಯಾಟರಿ ಇದೆ, ಈ ಹೊತ್ತಿಗೆ ಮುಗಿದಿರುತ್ತದೆ, ಅಜ್ಜಿ ಹೇಗಿದ್ದಾಳೆ ಒಂದು ಸಲ ಕೇಳೋಣ ಎನ್ನಿಸಿತು. ನಿನ್ನ ‘ಹೌದು’ ನಂಬಿದೆ. ಆ ತಪ್ಪನ್ನು ನಿನ್ನ ಮೇಲೆ ಹಾಕುತ್ತಿಲ್ಲ. ನಾನು ನಿಜ ಹೇಳಿದ್ದರೆ ನಿನ್ನ ಹೌದು ಇಲ್ಲ ಯಾವುದೂ ಬೇಕಿರಲಿಲ್ಲ.

ಕಚೇರಿಗೆ ಇದನ್ನೆಲ್ಲ ಬರೆದು, ಸಹಿ ಮಾಡಿ, ನಿನ್ನೆ ತಮ್ಮನ ಕೈಯಲ್ಲಿ ರಿಜಿಸ್ಟರ್ ಅಂಚೆಗೆ ಹಾಕಿಸಿದ್ದೇನೆ. ಫೋನಿಗೆ ಈಗ ಬೀಗ ಹಾಕಿದ್ದಾರೆ. ನಾನೇ ಹಾಕಲು ಹೇಳಿದೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಮೇಷ್ಟ್ರು


ನವೆಂಬರ್ 10, ಶನಿವಾರ
ಜಲಾಶಯದ ಅಳತೆ ಕೇಂದ್ರ

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರವೂ ಕಚೇರಿಯ ಪತ್ರವೂ ಒಂದೇ ದಿನ ಬಂದವು. ಕಚೇರಿಯದನ್ನು ಮೊದಲು ಓದಿದೆ.

ನೀವು ಬರೆದದ್ದು ಅವರಿಗೆ ತಲುಪಿದೆ. ಯಂತ್ರದಲ್ಲಿ ದೋಷವಿಲ್ಲ, ದೋಷ ಹೊರಗಿನದು ಎಂದು ಒಪ್ಪಿದ್ದಾರೆ. ಆದರೆ ಆದೇಶ 31ಕ್ಕೆ ಮುಗಿದಿದೆ, ಅದಕ್ಕೆ ಜೀವ ಕೊಡಲು ನಿಯಮ ಇಲ್ಲ. ಮುಂದಿನ ಅರ್ಜಿ ಎರಡು ವರ್ಷದ ನಂತರ. ಅಲ್ಲದೆ ಇಷ್ಟು ಹಳೆಯ ಯಂತ್ರದ ದೋಷವನ್ನು ಸ್ವತಃ ಪತ್ತೆಹಚ್ಚಿದ ಸಿಬ್ಬಂದಿಯನ್ನು, ಯಂತ್ರ ಬದಲಾಗುವವರೆಗೆ, ಅದೇ ಕೇಂದ್ರದಲ್ಲಿ ಉಳಿಸಿಕೊಳ್ಳುವುದು ಇಲಾಖೆಯ ಹಿತದೃಷ್ಟಿಯಿಂದ ಸೂಕ್ತವಂತೆ. ನನ್ನ ಕೆಲಸಕ್ಕೆ ಮೆಚ್ಚುಗೆ ಸೂಚಿಸಿದ್ದಾರೆ. ಕಾವಲಿನ ದೊಡ್ಡಪ್ಪನಿಗೆ ಕಿವಿಯ ಹತ್ತಿರ ಗಟ್ಟಿಯಾಗಿ ಓದಿ ಹೇಳಿದೆ. “ಅಂದ್ರೆ ಚೆನ್ನಾಗಿ ತಿರುಗ್ತೀಯ ಅಂತ ಗಾಣಕ್ಕೆ ಕಟ್ಟಿದ್ರು,” ಅಂದರು. ಆಮೇಲೆ ಒಲೆ ಹಚ್ಚಿ ಟೀ ಇಟ್ಟರು. ಆರು ವರ್ಷದಲ್ಲಿ ಅವರು ನನಗೆ ಟೀ ಮಾಡಿಕೊಟ್ಟದ್ದು ಮೊದಲ ಸಲ.

ನಿಮ್ಮ ಮೇಲೆ ಸಿಟ್ಟು ಇದೆ. ಇಲ್ಲವೆಂದು ಬರೆದರೆ ಮತ್ತೊಂದು ‘ಹೌದು, ಗಡಿಯಾರ ಸರಿ ಇದೆ’ ಆಗುತ್ತದೆ.

‘ಉತ್ತರ’ ದೀಪವನ್ನು 29ನೆಯ ತಾರೀಖು ಆರಿಸಿದೆ, ನಿಮ್ಮನ್ನು ಕೇಳಲಿಲ್ಲ. ಯಜಮಾನರಿಗೂ ಬರೆದು ತಿಳಿಸಿದೆ. ಮೊನ್ನೆ ಗುರುವಾರ ಸಂಜೆ ಗಂಟೆ ಬಂತು. ನಾನು ಮೂರನೆಯ ಗಂಟೆಗೆ ಎತ್ತಿದೆ, ಕೈಗೆ ಅಭ್ಯಾಸ ತಪ್ಪಿತ್ತು. ಮಗಳು. ಶಾಲೆ ಹೇಗಿತ್ತು ಎಂದು ಕೇಳಿದೆ. ಆಮೇಲೆ ಅವಳು, “ಆ ಖಾನೆ ಇನ್ನೂ ಖಾಲಿ ಇಟ್ಟಿದೀನಿ. ನೀನು ಬರಲ್ಲ ಅಂದ್ರೆ ಹೇಳು, ನನ್ನ ಪುಸ್ತಕ ಇಟ್ಕೋತೀನಿ,” ಅಂದಳು.

‘ನೀನು’ ಅಂದಳು. ನಾನು, “ಇಟ್ಕೋಬೇಡ” ಅಂದೆ. ಅದನ್ನು ಹೇಳಿದ ಮೇಲೆಯೇ ಏನು ಹೇಳಿದೆ ಎಂದು ನನಗೆ ತಿಳಿದದ್ದು.

ಆದ್ದರಿಂದ ತೀರ್ಮಾನ ಮಾಡಿದ್ದೇನೆ. 19, ಸೋಮವಾರ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಡುತ್ತೇನೆ. ರಿಲೀವ್ ಆಗದೆ, ಯಾರಿಗೂ ಚಾರ್ಜ್ ಕೊಡದೆ. ರಾಜೀನಾಮೆ ಬರೆದಿಟ್ಟಿದ್ದೇನೆ. ಒಪ್ಪುವವರೆಗೆ ಜಾಗ ಬಿಡುವಂತಿಲ್ಲ ಎಂಬ ನಿಯಮ ನನಗೂ ಗೊತ್ತು. ಯಜಮಾನರಿಗೆ ಇನ್ನೂ ತಿಳಿಸಿಲ್ಲ. ಈ ವಿಷಯ ಓದುತ್ತಿರುವವರು ನೀವು ಮೊದಲು, ಅದು ಯಾಕೆ ಹಾಗಾಯಿತೋ ಗೊತ್ತಿಲ್ಲ.

ಅವತ್ತು ಅಜ್ಜಿಯ ಗಡಿಯಾರ ಸರಿ ಮಾಡುವವರು ಇರುವುದಿಲ್ಲ. ಮೂರು ಮೂರು ನಿಮಿಷ ಹಿಂದೆ ಬೀಳುತ್ತಾ, ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ ದಾಟಿದ ಮೇಲೆ ಅವಳು ಕರೆಯುವ ದಿನ ಕಚೇರಿಯವರಿಗೆ ನಾನಿಲ್ಲವೆಂದು ತಿಳಿಯುತ್ತದೆ. ಲೆಕ್ಕ ಹಾಕಿದೆ. ಆ ವಾರದ ಶುಕ್ರವಾರ, 9.33.

ನಿಮ್ಮ ಫೋನಿನ ಬೀಗವನ್ನು 17ನೆಯ ತಾರೀಖು ಒಂದು ಹತ್ತು ನಿಮಿಷ ತೆಗೆಸಿಕೊಳ್ಳಲು ಆದರೆ ತೆಗೆಸಿಕೊಳ್ಳಿ. ಅವತ್ತು ಶನಿವಾರ, ಅಜ್ಜಿಯ ಕೆಲಸ 9.20ರೊಳಗೆ ಮುಗಿಯುತ್ತದೆ. ಒಂಬತ್ತೂವರೆಯಿಂದ ನಾನು ಫೋನಿನ ಪಕ್ಕ ಇರುತ್ತೇನೆ. ಕೆಳಗಿನ ಅಳತೆಗೆ ದೊಡ್ಡಪ್ಪ ಇಳಿಯುತ್ತಾರೆ. ಕರೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ಕರೆದರೆ ಎತ್ತುವುದು ನಾನು, ಅಜ್ಜಿಯಲ್ಲ.

ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದ್ದೇನೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ಕೇಂದ್ರದ ಬೀಗದ ಕೈ ಇನ್ನೂ ನನ್ನ ಸೆರಗಿನ ತುದಿಯಲ್ಲೇ ಇದೆ.

ಇಂತಿ,
ಅಳತೆಯಮ್ಮ